ಲೇತ್ ಹಳತಾಯಿತೇ?

ಪ್ರಶ್ನೆ: ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಶಾಫ್ಟಿನಲ್ಲಿ (ತಿರುಗುವ ದಂಡ) ಬೇರಿಂಗ್ ಕೂರುವ ಜಾಗವನ್ನು ಲೇತಿನಲ್ಲಿ (ಲೋಹವನ್ನು ತಿರುಗಿಸಿ ಕೆತ್ತುವ ಯಂತ್ರ) ಮೈಕ್ರೋಮೀಟರ್ ಹಿಡಿದು ಅಳೆದೇ ಕೆತ್ತಿ ಇಳಿಸುತ್ತೇನೆ. ಮರುದಿನ ನೋಡಿದರೆ ಬೇರಿಂಗ್ ಸಡಿಲ. ಲೇತ್ ಹಳತಾಯಿತೇ?
– ಓದುಗ, ಕುಶಾಲನಗರ

ಉತ್ತರ: ಲೇತನ್ನು ಬೈಯಬೇಡಿ ಮಾರಾಯ್ರೇ, ನೀವು ಅಳೆದದ್ದು ಬಿಸಿ ಶಾಫ್ಟನ್ನು. ಒಂದು ಮೀಟರ್ ಉಕ್ಕು ಪ್ರತಿ ಡಿಗ್ರಿಗೆ ಸುಮಾರು 12 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಹಿಗ್ಗುತ್ತದೆ. 50 ಮಿ.ಮೀ. ವ್ಯಾಸದ ಶಾಫ್ಟ್ 20 ಡಿಗ್ರಿ ಹೆಚ್ಚು ಕಾದಿದ್ದರೆ ವ್ಯಾಸದಲ್ಲೂ ಹತ್ತಿರಹತ್ತಿರ ಅಷ್ಟೇ, 12 ಮೈಕ್ರಾನ್ ಹಿಗ್ಗಿರುತ್ತದೆ. ತಣಿದಾಗ ಅಷ್ಟೂ ಕುಗ್ಗುತ್ತದೆ. ಬೇರಿಂಗಿನ ಬಿಗಿ ಹೋಗಲು ಅದು ಧಾರಾಳ. ಕೊನೆಯ ಕಟ್‌ಗೆ ಮೊದಲು ಮೆಷಿನ್ ನಿಲ್ಲಿಸಿ, ಒಂದು ಕಾಪಿ ಕುಡಿದು ಬನ್ನಿ, ಶಾಫ್ಟ್ ತಣಿಯಲಿ.

ಮಳೆಗಾಲದ ಬೆಳಿಗ್ಗೆ ಲೇತನ್ನು ಅರ್ಧ ಗಂಟೆ ಖಾಲಿ ಓಡಿಸಿ. ಹೆಡ್‌ಸ್ಟಾಕ್ (ಸ್ಪಿಂಡಲನ್ನು ಹೊತ್ತ ಲೇತಿನ ತಲೆಭಾಗ) ಬಿಸಿಯಾಗುತ್ತಾ, ಕೆಲಸದ ತುಂಡನ್ನು ತಿರುಗಿಸುವ ಆ ಸ್ಪಿಂಡಲ್ಲೇ ಜಾಗ ಬಿಟ್ಟು ಸರಿಯುತ್ತದೆ; ಆ ಸರಿದಾಟ ಕೆಲಸಕ್ಕೆ ಮೊದಲೇ ಮುಗಿಯಲಿ. ಅಳತೆಗೆ ಜಗತ್ತು ಒಪ್ಪಿದ ತಾಪ 20 ಡಿಗ್ರಿ. ಅದಕ್ಕಾಗಿ ಎ.ಸಿ. ಹಾಕಿಸಬೇಡಿ, ಶಾಫ್ಟ್, ಮೈಕ್ರೋಮೀಟರ್ ಎರಡೂ ಒಂದೇ ತಾಪದಲ್ಲಿದ್ದರೆ ನಿಮ್ಮ ಕೆಲಸಕ್ಕೆ ಸಾಕು.