ಸರ್ವಿಸ್ ಬಿದ್ದರೆ ತಾನಾಗಿ ಏಳಲು ಸಿಸ್ಟಮ್‌ಡಿಯ ‘ರೀಸ್ಟಾರ್ಟ್=ಆಲ್ವೇಸ್’ ಸಾಕಾ, ಮಾನಿಟ್ ಕೂಡ ಬೇಕಾ?

ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗಳನ್ನು, ನಡೆಸುವುದು ಸಿಸ್ಟಮ್‌ಡಿ. ಅದರ ಸೆಟ್ಟಿಂಗ್ ಫೈಲಿನ ಆ ಒಂದು ಸಾಲು ಸಾಕಾಗುವುದಿಲ್ಲ. ಸರ್ವಿಸ್ ಮೇಲೆ ಕಣ್ಣಿಡುವ ಬೇರೆ ಪ್ರೋಗ್ರಾಮ್ ಮಾನಿಟ್, ಅದರ ವಿಷಯ ಆಮೇಲೆ. ನಾನೂ ಅದೊಂದೇ ಸಾಲು ಬರೆದು ನಿಶ್ಚಿಂತೆಯಿಂದ ಇದ್ದವನು.

ಬದಿಯಡ್ಕದ ಹತ್ತಿರ ಒಂದು ಅಡಿಕೆ ಖರೀದಿ ಕೇಂದ್ರದ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದೆ. ಒಂದು ಮೆಷಿನ್‌ನಲ್ಲಿ ಬಿಲ್ಲಿಂಗ್‌ನ ನೋಡ್ (ಜಾವಾಸ್ಕ್ರಿಪ್ಟ್) ಆಪ್, ಪಕ್ಕದ್ದರಲ್ಲಿ ಅದರ ಡೇಟಾಬೇಸ್ ಮೈಎಸ್‌ಕ್ಯೂಎಲ್. ಮಳೆಗಾಲದ ಒಂದು ರಾತ್ರಿ ಸಿಡಿಲಿಗೆ ಕರೆಂಟು ಹೋಯಿತು, ಯುಪಿಎಸ್ಸೂ ಖಾಲಿಯಾಯಿತು. ನಸುಕಿಗೆ ಕರೆಂಟು ಬಂದು ಎರಡೂ ಮೆಷಿನ್ ತಾವಾಗಿ ಆನ್ ಆದವು. ಆದರೂ ಬೆಳಗ್ಗೆ ಫೋನು: ‘ಬಿಲ್ ಆಗ್ತಾ ಇಲ್ಲ, ಬೇಗ ಬನ್ನಿ ಮಾರಾಯ್ರೆ.’ ಹೋದರೆ ಪೆರ್ಲ ಕಡೆಯ ಜೀಪುಗಳು ಸಾಲಾಗಿ ನಿಂತಿವೆ. ಪಟೋರ, ಉಳ್ಳಿ, ಕರಿಗೋಟು ಅಂತ ಅಡಿಕೆಯ ಒಂದೊಂದು ದರ್ಜೆಗೂ ಬೇರೆ ದರ. ತೂಕದವರು ಅಷ್ಟನ್ನೂ ಕೈಯಲ್ಲೇ ಬರೆಯುತ್ತಿದ್ದರು. ಚೀಲ ನೆನೆಯದ ಹಾಗೆ ಟರ್ಪಾಲು ಹಿಡಿದು ನಿಂತವರನ್ನು ನೋಡಿ ಹೊಟ್ಟೆ ಚುರ್ ಅಂದಿತು.

ಆದದ್ದು ಇಷ್ಟು. ‘ರೀಸ್ಟಾರ್ಟ್‌ಸೆಕ್’ ಅಂತ ಇನ್ನೊಂದು ಸಾಲಿದೆ, ಅದನ್ನು ನಾನು ಬರೆದಿರಲಿಲ್ಲ. ಬರೆಯದಿದ್ದರೆ ಬಿದ್ದ ಸರ್ವಿಸನ್ನು ಸಿಸ್ಟಮ್‌ಡಿ ಬರೀ 100 ಮಿಲಿಸೆಕೆಂಡಿನಲ್ಲಿ ಮತ್ತೆ ಎಬ್ಬಿಸುತ್ತದೆ. ಒಳ್ಳೆಯದೇ ಅಲ್ವಾ ಅನಿಸಬಹುದು. ಆದರೆ ಜೊತೆಗೇ ಒಂದು ಮಿತಿಯೂ ಇದೆ: 10 ಸೆಕೆಂಡಿನೊಳಗೆ 5 ಸಲ ಶುರು ಮಾಡಿದ ಮೇಲೂ ಬಿದ್ದರೆ ಕೈಬಿಡುತ್ತದೆ. ಮತ್ತೆ ಮುಟ್ಟುವುದೇ ಇಲ್ಲ. ಏಕಾಏಕಿ ಕರೆಂಟು ಹೋದ ಮೈಎಸ್‌ಕ್ಯೂಎಲ್ ತನ್ನ ಡೇಟಾ ಸರಿಮಾಡಿಕೊಂಡು ಏಳಲು ಹೊತ್ತು ಬೇಕು. ನನ್ನ ಆಪ್ ಡೇಟಾಬೇಸ್ ಸಿಗದಿದ್ದರೆ ತಕ್ಷಣ ಸಾಯುತ್ತಿತ್ತು. ಐದು ಸಲ ಸತ್ತಿತು, ಅಷ್ಟೇ. ಡೇಟಾಬೇಸ್ ಎದ್ದು ಕೂತಾಗ ಇದನ್ನು ಎಬ್ಬಿಸುವವರೇ ಇಲ್ಲ. ಇಂಥದ್ದರ ನಂತರ ಶುರು ಮಾಡು ಅನ್ನುವ ‘ಆಫ್ಟರ್’ ಸಾಲು ಬರೆದಿದ್ದರೂ ಪ್ರಯೋಜನವಿರಲಿಲ್ಲ, ಅದು ಬೇರೆ ಮೆಷಿನ್‌ನ ಡೇಟಾಬೇಸಿಗೆ ಕಾಯುವುದಿಲ್ಲ. ಆ ಸೀಸನ್ ಮುಗಿದ ಮೇಲೆ ಅವರು ಬೇರೆಯವರನ್ನು ಇಟ್ಟುಕೊಂಡರು.

ಹಾಗಾಗಿ ರೀಸ್ಟಾರ್ಟ್‌ಸೆಕ್ 10 ಕೊಡಿ. ‘ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್’ ಸೊನ್ನೆ ಮಾಡಿ, ಆಗ ಮಿತಿಯೇ ಇರುವುದಿಲ್ಲ. ಇದನ್ನು ಆ ಸೆಟ್ಟಿಂಗ್ ಫೈಲಿನ ಯೂನಿಟ್ ಭಾಗದಲ್ಲೇ ಬರೆಯಬೇಕು, ಸರ್ವಿಸ್ ಭಾಗದಲ್ಲಿ ಹಾಕಿದರೆ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. ‘ಬಿದ್ದರೆ’ ಅಂತ ಕೇಳಿದ್ದೀರಿ. ಬೀಳುವ ಸರ್ವಿಸ್ ದೊಡ್ಡ ತಲೆನೋವಲ್ಲ. ಬೀಳದೆ, ಉತ್ತರವನ್ನೂ ಕೊಡದೆ ಸುಮ್ನೆ ಕೂರುವುದೇ ಕಷ್ಟ. ಆಗಲೂ ಸ್ಟೇಟಸ್ ‘ಆಕ್ಟಿವ್’ ಅಂತಲೇ ತೋರಿಸುತ್ತದೆ. ಪ್ರೋಸೆಸ್ ಇದೆಯಾ ಅಂತ ಮಾತ್ರ ನೋಡುವ ಸ್ಕ್ರಿಪ್ಟಿಗೂ ಅದು ಕಾಣುವುದಿಲ್ಲ. ಆಪ್‌ನಿಂದ ನಿಜವಾಗಿ ಒಂದು ಉತ್ತರ ಕೇಳಿ, ಬರದಿದ್ದರೆ ರೀಸ್ಟಾರ್ಟ್ ಮಾಡಿಸಿ. ವೆಬ್ ವಿಳಾಸದಿಂದ ಉತ್ತರ ತರುವ ಕರ್ಲ್ ಕಮಾಂಡ್‌ನಲ್ಲಿ ಕೇಳುವುದಾದರೆ, ಎಷ್ಟು ಹೊತ್ತು ಕಾಯಬೇಕೆಂದು ಹೇಳುವ ‘ಮ್ಯಾಕ್ಸ್-ಟೈಮ್’ ಕೊಡಲೇಬೇಕು, ಇಲ್ಲವಾದರೆ ಕೂತುಬಿಟ್ಟ ಆಪ್ ಎದುರು ಚೆಕ್ ಮಾಡುವ ಸ್ಕ್ರಿಪ್ಟೂ ಕೂತುಬಿಡುತ್ತದೆ. ಆ ಉತ್ತರಕ್ಕೆ ಡೇಟಾಬೇಸನ್ನು ಎಳೆದು ತರಬೇಡಿ. ಡೇಟಾಬೇಸ್ ಮಲಗಿದಾಗ ಆಪ್ ರೀಸ್ಟಾರ್ಟ್ ಮಾಡಿ ಏನೂ ಸಿಗುವುದಿಲ್ಲ. ಅದಕ್ಕೆ ಬೇರೆ ಚೆಕ್ ಇಟ್ಟು ಫೋನಿಗೆ ಮೆಸೇಜ್ ಬರುವ ಹಾಗೆ ಮಾಡಿ. ಇಷ್ಟನ್ನು ಮಾನಿಟ್‌ನಲ್ಲಿ ಮಾಡಿದರೂ ಸರಿ, ಹೇಳಿದ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವ ಸಿಸ್ಟಮ್‌ಡಿ ಟೈಮರ್‌ನಲ್ಲಿ ಮಾಡಿದರೂ ಸರಿ.

ಮಾಡಿದ ಮೇಲೆ ಡೇಟಾಬೇಸ್ ನಿಲ್ಲಿಸಿಟ್ಟು ಆಪ್ ಮೆಷಿನ್ ರೀಬೂಟ್ ಮಾಡಿ ನೋಡಿ. ‘ಸಿಸ್ಟಮ್‌ಸಿಟಿಎಲ್ ಶೋ’ ಕೊಟ್ಟರೆ ‘ಎನ್‌ರೀಸ್ಟಾರ್ಟ್ಸ್’ ಅಂತ ಒಂದು ಸಂಖ್ಯೆ ಸಿಗುತ್ತದೆ, ತಾನಾಗಿ ಎಷ್ಟು ಸಲ ಎಬ್ಬಿಸಿದೆ ಅಂತ. ಮಾಮೂಲಿ ದಿನಗಳಲ್ಲೂ ಅದು ಏರುತ್ತಾ ಹೋದರೆ ಸೆಟ್ಟಿಂಗ್ ಬಿಟ್ಟು ಆಪ್‌ನ ಕೋಡ್ ತೆರೆಯಿರಿ.