ಭದ್ರತಾ ಪ್ಲಗಿನ್ ನಿರ್ವಾಹಕರನ್ನೇ ತಡೆದಾಗ

ಪ್ರಶ್ನೆ: ನನ್ನ ವರ್ಡ್‌ಪ್ರೆಸ್ ಜಾಲತಾಣದ ನಿರ್ವಾಹಕ ನಾನೇ. ಪಾಸ್‌ವರ್ಡ್ ಸರಿಯಾಗಿದ್ದರೂ ಭದ್ರತಾ ಪ್ಲಗಿನ್ (ತಾಣಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶ) ನನ್ನನ್ನು ಒಳಗೆ ಬಿಡುತ್ತಿಲ್ಲ. ಏನು ಮಾಡಲಿ?

ಉತ್ತರ: ಗಾಬರಿಯಾಗಬೇಡಿ, ನಿಮ್ಮ ಬರಹಗಳೆಲ್ಲ ಸುರಕ್ಷಿತವಾಗಿಯೇ ಇರುತ್ತವೆ. ಇಂತಹ ಪ್ಲಗಿನ್‌ಗಳು ಹೆಚ್ಚಾಗಿ ತಡೆಯುವುದು ಐಪಿ ವಿಳಾಸವನ್ನು, ಅಂದರೆ ಅಂತರಜಾಲದಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆಯನ್ನು. ಆದ್ದರಿಂದ ಮೊದಲು ವೈಫೈ ಬಿಟ್ಟು ಮೊಬೈಲ್ ಡೇಟಾದ ಮೂಲಕ ಲಾಗಿನ್ ಆಗಲು ಪ್ರಯತ್ನಿಸಿ. ಅದು ಫಲಿಸದಿದ್ದರೆ ಹೋಸ್ಟಿಂಗ್ ಖಾತೆಯ ಫೈಲ್ ಮ್ಯಾನೇಜರ್‌ನಲ್ಲಿ ‘ಡಬ್ಲ್ಯುಪಿ-ಕಂಟೆಂಟ್’ ಫೋಲ್ಡರಿನೊಳಗಿನ ‘ಪ್ಲಗಿನ್ಸ್’ಗೆ ಹೋಗಿ, ಆ ಪ್ಲಗಿನ್‌ನ ಫೋಲ್ಡರಿನ ಹೆಸರಿಗೆ ಒಂದು ಅಂಕಿಯನ್ನು ಸೇರಿಸಿ. ಹಳೆಯ ಹೆಸರಿನಲ್ಲಿ ಫೈಲ್ ಸಿಗದ ಕಾರಣ ವರ್ಡ್‌ಪ್ರೆಸ್ ಅದನ್ನು ಬಿಟ್ಟು ಮುಂದುವರಿಯುತ್ತದೆ. ಪ್ಲಗಿನ್‌ನ ಸೆಟ್ಟಿಂಗ್‌ಗಳು ಡೇಟಾಬೇಸ್‌ನಲ್ಲಿ ಹಾಗೆಯೇ ಉಳಿಯುತ್ತವೆ, ನಿರ್ಬಂಧಿತ ವಿಳಾಸಗಳ ಪಟ್ಟಿಯೂ ಅಲ್ಲಿಯೇ ಇರುವುದುಂಟು. ಹೀಗಾಗಿ ನಿರ್ಬಂಧದ ಅವಧಿ ಮುಗಿಯುವ ಮುನ್ನ ಪ್ಲಗಿನ್ ಅನ್ನು ಮತ್ತೆ ಸಕ್ರಿಯಗೊಳಿಸಿದರೆ ಪುನಃ ಹೊರಗುಳಿಯುವಿರಿ.

ನಿಮ್ಮದು ವರ್ಡ್‌ಫೆನ್ಸ್ ಎಂಬ ಭದ್ರತಾ ಪ್ಲಗಿನ್ ಆಗಿದ್ದರೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಅದರ ಫೈರ್‌ವಾಲ್ (ದಾಳಿಗಳನ್ನು ತಡೆಯುವ ಭಾಗ) ಅನ್ನು ವಿಸ್ತೃತ ರಕ್ಷಣೆಗೆ ಹೊಂದಿಸಿದ್ದರೆ, ಅದು ತಾಣದ ಮೂಲ ಫೋಲ್ಡರಿನಲ್ಲಿ ಪಿಎಚ್‌ಪಿಯಲ್ಲಿ (ವರ್ಡ್‌ಪ್ರೆಸ್ ಬರೆದಿರುವ ಪ್ರೋಗ್ರಾಮಿಂಗ್ ಭಾಷೆ) ತನ್ನದೊಂದು ಫೈಲನ್ನು ಇರಿಸಿ, ಪ್ರತಿ ಪುಟಕ್ಕೂ ಮೊದಲು ಅದೇ ಓಡುವಂತೆ ಸರ್ವರ್‌ಗೆ ಸೂಚಿಸಿರುತ್ತದೆ. ಆ ಸೂಚನೆಯನ್ನು ತೆಗೆಯದೆ ಫೈಲನ್ನು ಮಾತ್ರ ಅಳಿಸಿದರೆ ಇಡೀ ತಾಣವೇ ನಿಂತುಹೋಗುತ್ತದೆ. ಸೂಚನೆಯನ್ನು ತೆಗೆದ ಮೇಲೂ ಪಿಎಚ್‌ಪಿ ಅದನ್ನು ಸಾಮಾನ್ಯವಾಗಿ 5 ನಿಮಿಷ ನೆನಪಿನಲ್ಲಿಟ್ಟುಕೊಂಡಿರುವುದರಿಂದ ಅಷ್ಟು ಹೊತ್ತು ಕಾಯಲೇಬೇಕು.

ಒಳಹೊಕ್ಕ ಬಳಿಕ ಕಾರಣವನ್ನೂ ಹುಡುಕಿ. ತಾಣದ ಮುಂದೆ ಕ್ಲೌಡ್‌ಫ್ಲೇರ್‌ನಂತಹ ಪ್ರಾಕ್ಸಿ (ಸಂದರ್ಶಕರಿಗೂ ತಾಣಕ್ಕೂ ನಡುವೆ ನಿಲ್ಲುವ ಸರ್ವರ್) ಇದ್ದು, ಸಂದರ್ಶಕರ ನಿಜವಾದ ವಿಳಾಸವನ್ನು ಓದುವಂತೆ ಪ್ಲಗಿನ್ ಅನ್ನು ಹೊಂದಿಸಿರದಿದ್ದರೆ, ಹಲವರು ಪ್ರಾಕ್ಸಿಯ ಒಂದೇ ವಿಳಾಸದಿಂದ ಬಂದಂತೆ ಕಾಣುವುದರಿಂದ ಬೇರೆ ಯಾರದೋ ತಪ್ಪು ಪಾಸ್‌ವರ್ಡ್‌ಗಳ ಲೆಕ್ಕ ನಿಮ್ಮ ಮೇಲೆಯೇ ಬೀಳಬಹುದು.