ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ

ಡಲ್ಲಾಸ್‌ನ ಓದುಗರೊಬ್ಬರ ಪತ್ರದ ಸಾರ: “ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಚ್‌ಗಳ ಸಂಬಳವನ್ನು ನೀವು ಹೋದ ಸಂಚಿಕೆಯಲ್ಲಿ ಹುಚ್ಚಾಟ ಎಂದಿರಿ. ನನ್ನ ಮಗ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ಆ ಹಣ ಟಿವಿಯವರದು, ಟಿಕೆಟ್ಟಿನದು, ದಾನಿಗಳದು, ತೆರಿಗೆಯದಲ್ಲ. ಗಳಿಸಿಕೊಡುವವನಿಗೆ ಕೊಟ್ಟರೆ ನಿಮಗೇಕೆ ಹೊಟ್ಟೆಯುರಿ?”

ಸ್ವಾಮಿ, ಪತ್ರ ಚೆನ್ನಾಗಿದೆ. ಸಿಟ್ಟಿನಲ್ಲೂ ಲೆಕ್ಕ ತಪ್ಪದೆ ಬರೆಯುವವರು ಕಡಿಮೆ. ನಿಮ್ಮ ಮಾತಿನಲ್ಲಿ ನಿಜವೂ ಇದೆ. 2007ರಲ್ಲಿ ಅಲಬಾಮ ವಿಶ್ವವಿದ್ಯಾಲಯ ಕೋಚ್ ನಿಕ್ ಸೇಬನ್‌ಗೆ ವರ್ಷಕ್ಕೆ 40 ಲಕ್ಷ ಡಾಲರ್ ಕೊಟ್ಟಾಗ ಊರೆಲ್ಲ ಬೊಬ್ಬೆ ಹಾಕಿತು. ಆತ ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟು 2024ರ ಜನವರಿಯಲ್ಲಿ ನಿವೃತ್ತನಾದ. ಆ ಸಂಬಳ ಅಗ್ಗವಾಯಿತು ಎಂದರೆ ನಾನು ವಾದಿಸುವುದಿಲ್ಲ. ಆದರೆ ಒಬ್ಬ ಸೇಬನ್‌ನನ್ನು ತೋರಿಸಿ ಉಳಿದವರಿಗೆಲ್ಲ ಅದೇ ದರ ಕೇಳುವುದು ದಲ್ಲಾಳಿಗಳ ಕಸುಬು. ಅದನ್ನು ನೀವೇಕೆ ಮೈಮೇಲೆ ಹಾಕಿಕೊಳ್ಳುತ್ತೀರಿ?

ಸಂಬಳ ಹಳೆಯ ಕಾಯಿಲೆ. 1905ರಲ್ಲೇ ಹಾರ್ವರ್ಡ್ 26 ವರ್ಷದ ಕೋಚ್ ಬಿಲ್ ರೀಡ್‌ಗೆ ಏಳು ಸಾವಿರ ಡಾಲರ್ ಕೊಟ್ಟಿತ್ತು. ಅಲ್ಲಿನ ಯಾವ ಪ್ರೊಫೆಸರಿಗೂ ಅಷ್ಟು ಸಿಗುತ್ತಿರಲಿಲ್ಲ. ಅಧ್ಯಕ್ಷ ಚಾರ್ಲ್ಸ್ ಎಲಿಯಟ್‌ಗೆ ಈ ಆಟ ಕಂಡರೇ ಆಗುತ್ತಿರಲಿಲ್ಲ, ಆದರೂ ಅದನ್ನು ನಿಲ್ಲಿಸಲು ಅವರಿಂದಾಗಲಿಲ್ಲ. ನಿಲ್ಲಿಸಿದವರು ಷಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಹಚಿನ್ಸ್, 1939ರಲ್ಲಿ. ಅದರಿಂದ ಆ ವಿಶ್ವವಿದ್ಯಾಲಯವೇನೂ ಮುಳುಗಲಿಲ್ಲ.

ನನ್ನ ತಕರಾರು ಒಪ್ಪಂದದ ವಿಸ್ತರಣೆಯ ಬಗ್ಗೆ. ನಿಮ್ಮ ಮಗನ ವಿಶ್ವವಿದ್ಯಾಲಯವನ್ನೇ ನೋಡಿ. 2017ರ ಕೊನೆಗೆ ಕೋಚ್ ಆಗಿ ಜಿಂಬೊ ಫಿಶರ್ ಬಂದರು: ಹತ್ತು ವರ್ಷ, ಏಳೂವರೆ ಕೋಟಿ ಡಾಲರ್, ಪೂರ್ತಿ ಗ್ಯಾರಂಟಿ. ಅಂದರೆ ನಡುವೆ ತೆಗೆದುಹಾಕಿದರೂ ಉಳಿದ ವರ್ಷಗಳ ಸಂಬಳ ಕೊಡಲೇಬೇಕು. ಕುಲಾಧಿಪತಿ ಜಾನ್ ಶಾರ್ಪ್, ಫಿಶರ್ ಕೈಗೆ ರಾಷ್ಟ್ರೀಯ ಚಾಂಪಿಯನ್ ಫಲಕವನ್ನೇ ಇಟ್ಟರು. ಇಸವಿಯ ಜಾಗ ಮಾತ್ರ ಖಾಲಿ, ಗೆದ್ದ ಮೇಲೆ ತುಂಬಿಕೊಳ್ಳಲಿ ಎಂದು! 2020ರಲ್ಲಿ ಒಂದು ಒಳ್ಳೆಯ ವರ್ಷ ಬಂತು, ಹತ್ತರಲ್ಲಿ ಒಂಬತ್ತು ಗೆಲುವು. ಕೈಯಲ್ಲಿ ಇನ್ನೂ ಆರು ವರ್ಷದ ಒಪ್ಪಂದ ಇತ್ತು. ಆದರೂ 2021ರ ಸೆಪ್ಟೆಂಬರಿನಲ್ಲಿ ಅದನ್ನು 2031ರವರೆಗೆ ಎಳೆದು, ಸಂಬಳವನ್ನೂ ಏರಿಸಿದರು. ಎರಡು ವರ್ಷ ಕಳೆಯಿತು, 2023ರ ನವೆಂಬರಿನಲ್ಲಿ ಮನೆಗೆ ಕಳಿಸಿದರು. ಕಳಿಸಿದ ಖರ್ಚು ಸುಮಾರು 7.6 ಕೋಟಿ ಡಾಲರ್. ಬೇರೆ ಕಡೆ ಕೆಲಸ ಸಿಕ್ಕರೆ ಅಷ್ಟು ಕಡಿತ ಎಂಬ ಷರತ್ತನ್ನೂ ಯಾರೂ ಹಾಕಿರಲಿಲ್ಲ.

ಆ ಷರತ್ತಿನ ಬೆಲೆ ಗೊತ್ತಾಗಬೇಕಾದರೆ ಪೆನ್ ಸ್ಟೇಟ್ ನೋಡಿ. 2025ರ ಅಕ್ಟೋಬರಿನಲ್ಲಿ ಕೋಚ್ ಜೇಮ್ಸ್ ಫ್ರ್ಯಾಂಕ್ಲಿನ್ ಅವರನ್ನು ತೆಗೆದಾಗ ಬಾಕಿ ಸುಮಾರು 4.9 ಕೋಟಿ. ಅವರು ವರ್ಜೀನಿಯಾ ಟೆಕ್ ಸೇರಿದರು, ಬಾಕಿ 90 ಲಕ್ಷಕ್ಕೆ ಇಳಿಯಿತು. ಕಾಗದದಲ್ಲಿ ಒಂದು ಸಾಲು ಇದ್ದರೆ ನಾಲ್ಕು ಕೋಟಿ ಉಳಿಯುತ್ತದೆ. ಆ ಸಾಲು ಬರೆಸಲು ಯಾರಿಗೆ ಆಸಕ್ತಿ? ತನ್ನ ಜೇಬಿನಿಂದ ಕೊಡುವವನಿಗೆ. ಅಂಥವನು ಆ ಕೋಣೆಯಲ್ಲಿ ಇರುವುದೇ ಇಲ್ಲ.

ವಿಸ್ತರಣೆಗೆ ಅವರು ಕೊಡುವ ಕಾರಣವೂ ಸೊಗಸು. ಕೋಚ್‌ಗೆ ನಾಲ್ಕು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಎದುರಾಳಿಗಳು, ಎಲ್ಲ ಕಾಲೇಜುಗಳೂ ತಮ್ಮ ತಂಡಕ್ಕೆ ಸೆಳೆಯಲು ನೋಡುವ ಹೈಸ್ಕೂಲ್ ಹುಡುಗರ ಅಪ್ಪ ಅಮ್ಮಂದಿರಿಗೆ, ‘ನಿಮ್ಮ ಮಗ ಪದವಿ ಮುಗಿಸುವ ಹೊತ್ತಿಗೆ ಆತ ಅಲ್ಲಿರುವುದಿಲ್ಲ’ ಎಂದು ಕಿವಿಯೂದುತ್ತಾರಂತೆ. ಅದಕ್ಕೇ ಪ್ರತಿ ಗೆಲುವಿಗೂ ಹೊಸ ಕಾಗದ. ಜೊತೆಗೆ ಯಾವುದೋ ದೊಡ್ಡ ಕಾಲೇಜಿನಲ್ಲಿ ಜಾಗ ಖಾಲಿ ಎಂಬ ಗಾಳಿಸುದ್ದಿ. ಏಜೆಂಟ್ ಫೋನಿನಲ್ಲಿ ಏನೂ ಹೇಳಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು.

ಫಿಶರ್‌ಗೆ ಮೊದಲ ಒಪ್ಪಂದ ಕೊಟ್ಟ ಕ್ರೀಡಾ ನಿರ್ದೇಶಕ ಸ್ಕಾಟ್ ವುಡ್‌ವರ್ಡ್ 2019ರಲ್ಲಿ ಲೂಯಿಸಿಯಾನಾ ಸ್ಟೇಟ್‌ಗೆ ಹೋದರು. 2021ರಲ್ಲಿ ಅಲ್ಲಿ ಬ್ರಯಾನ್ ಕೆಲ್ಲಿಗೆ ಹತ್ತು ವರ್ಷದ 9.5 ಕೋಟಿ ಡಾಲರ್ ಒಪ್ಪಂದ ಕೊಟ್ಟರು. 2025ರ ಅಕ್ಟೋಬರಿನಲ್ಲಿ ಕೆಲ್ಲಿಯೂ ವಜಾ, ಬಾಕಿ ಸುಮಾರು 5.4 ಕೋಟಿ. ಆಗ ರಾಜ್ಯಪಾಲ ಜೆಫ್ ಲ್ಯಾಂಡ್ರಿ ರೇಗಿದರು, ಕೆಲವೇ ದಿನಗಳಲ್ಲಿ ವುಡ್‌ವರ್ಡ್ ಕೂಡ ಹೊರಬಿದ್ದರು. ಮುಂದಿನ ಕೋಚ್ ಲೇನ್ ಕಿಫಿನ್‌ಗೆ ಅದೇ ವಿಶ್ವವಿದ್ಯಾಲಯ ಏಳು ವರ್ಷಕ್ಕೆ ಸುಮಾರು 9.1 ಕೋಟಿ ಕೊಟ್ಟಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂದು ನಮ್ಮ ಹಿರಿಯರು ಲೂಯಿಸಿಯಾನಾ ನೋಡದೆಯೇ ಹೇಳಿದ್ದರು.

ದಾನಿಗಳ ದುಡ್ಡು ಎನ್ನುತ್ತೀರಿ. ಸರಿ, ಆದರೆ ಮೈದಾನದಲ್ಲಿ ಮೂಳೆ ಮುರಿದುಕೊಳ್ಳುವ ಹುಡುಗರು? 2021ರವರೆಗೆ ಅವರು ತಮ್ಮ ಹೆಸರಿನ ಮೇಲೆ ಜಾಹೀರಾತಿನ ಕಾಸನ್ನೂ ಪಡೆಯುವಂತಿರಲಿಲ್ಲ, ವಿದ್ಯಾರ್ಥಿವೇತನವೇ ಪ್ರಸಾದ. ವರಮಾನದಲ್ಲಿ ನೇರ ಪಾಲು ಸಿಕ್ಕಿದ್ದು ಆಟಗಾರರು ಕಾಲೇಜು ಕ್ರೀಡಾ ಸಂಘದ ಮೇಲೆ ಹೂಡಿದ್ದ ‘ಹೌಸ್’ ಮೊಕದ್ದಮೆಯ 2025ರ ರಾಜಿಯಿಂದ. ಅದಕ್ಕೂ ಮಿತಿ ಇದೆ: ಮೊದಲ ವರ್ಷ ಒಂದು ಕಾಲೇಜು ಎಲ್ಲ ಕ್ರೀಡೆಗಳ ಹುಡುಗ ಹುಡುಗಿಯರಿಗೂ ಸೇರಿ ಹಂಚಬಹುದಾದದ್ದು ಸುಮಾರು 2.05 ಕೋಟಿ. ಫಿಶರ್ ಒಬ್ಬರು ಸುಮ್ಮನಿರಲು ಸಿಗುವುದು ಅದರ ಮೂರೂವರೆ ಪಟ್ಟಿಗೂ ಮಿಗಿಲು. ಮಾರುಕಟ್ಟೆಯ ಮಂತ್ರ ಕೋಚ್‌ಗೆ, ಮಿತಿ ಹುಡುಗರಿಗೆ. ನಿಮ್ಮ ಅರ್ಥಶಾಸ್ತ್ರ ಇದಕ್ಕೇನನ್ನುತ್ತದೆ?

ಈ ಪತ್ರಿಕೆಯ ಹಳೆಯ ಓದುಗರು ನಾನು ಎಲ್ಲಿಗೆ ಬರುತ್ತೇನೆಂದು ಊಹಿಸಿರಬೇಕು. 2023ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ 4.5 ಕೋಟಿ ಡಾಲರ್ ಕೊರತೆ ಎಂದು 28 ಪದವಿ ವಿಷಯಗಳನ್ನೂ 143 ಅಧ್ಯಾಪಕ ಹುದ್ದೆಗಳನ್ನೂ ಕತ್ತರಿಸಿತು. ಆ ಕೊಡಲಿ ವಿದೇಶಿ ಭಾಷೆಗಳ ಮೇಲೂ ಬಿತ್ತು. ಭಾಷೆ ಕಲಿಸುವವರಿಗೆ ಒಂದು ಸೆಮಿಸ್ಟರಿನ ಭರವಸೆ ಇಲ್ಲದ ಅದೇ ಆವರಣದಲ್ಲಿ ಫುಟ್‌ಬಾಲ್ ಕೋಚ್ ನೀಲ್ ಬ್ರೌನ್‌ಗೆ ವರ್ಷಕ್ಕೆ ಸುಮಾರು 40 ಲಕ್ಷ. ಮರುವರ್ಷ ಅವರ ಒಪ್ಪಂದವನ್ನೂ ವಿಸ್ತರಿಸಿದರು, ಆ ಡಿಸೆಂಬರಿನಲ್ಲೇ ಪರಿಹಾರ ಕೊಟ್ಟು ಕಳಿಸಿದರು. ಎರಡು ಖಾತೆ ಬೇರೆ ಬೇರೆ ಎಂದು ನೀವು ಹೇಳುತ್ತೀರಿ, ಗೊತ್ತು. ದೇಣಿಗೆಗಾಗಿ ಫೋನ್ ಮಾಡುವಾಗ ಮಾತ್ರ ವಿಶ್ವವಿದ್ಯಾಲಯ ಒಂದೇ ಕುಟುಂಬವಾಗಿರುತ್ತದೆ. ಅಲ್ಲಾಗಲಿ ಇಲ್ಲಾಗಲಿ, ಪಾಠ ಹೇಳುವವನಿಗೆ ವರ್ಷ ವರ್ಷವೂ ಅರ್ಜಿ ಹಾಕು ಎನ್ನುವವರೇ ಮತ್ತೊಬ್ಬನಿಗೆ ಹತ್ತು ವರ್ಷಕ್ಕೆ ಸಹಿ ಹಾಕಿ ಕೈ ಕುಲುಕುತ್ತಾರೆ.

ಕೊನೆಗೆ, ನಿಮ್ಮ ಮಗನ ವಿಶ್ವವಿದ್ಯಾಲಯದಲ್ಲಿ ಫಿಶರ್ ಜಾಗಕ್ಕೆ ಬಂದ ನಿಮ್ಮ ಹೆಮ್ಮೆಯ ಮೈಕ್ ಎಲ್ಕೊ. ಒಳ್ಳೆಯ ಕೋಚ್, ಅನುಮಾನವಿಲ್ಲ. 2025ರ ನವೆಂಬರಿನಲ್ಲಿ ತಂಡ ಸೋಲೇ ಕಾಣದೆ ಓಡುತ್ತಿದ್ದಾಗ, ಋತು ಮುಗಿಯುವ ಮೊದಲೇ, ಆರು ವರ್ಷದ ಹೊಸ ಒಪ್ಪಂದ. ವರ್ಷಕ್ಕೆ ಸರಾಸರಿ 1.1 ಕೋಟಿ ಡಾಲರ್‌ಗೂ ಹೆಚ್ಚು. ಅದೇ ತಿಂಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಕೈಲಿ ಸೋಲು, ಡಿಸೆಂಬರಿನಲ್ಲಿ ಮಯಾಮಿ ಎದುರು ತವರಿನಲ್ಲೇ ಇನ್ನೊಂದು. ಸರ್ಕಾರಿ ವಿಶ್ವವಿದ್ಯಾಲಯದ ಒಪ್ಪಂದವಾದ್ದರಿಂದ ಪ್ರತಿ ಕೇಳಿ ಪಡೆಯಲು ನಿಮಗೆ ಹಕ್ಕಿದೆ. ಸಂಬಳದ ಪುಟ ಬಿಟ್ಟು, ಕೆಲಸದಿಂದ ತೆಗೆದರೆ ಯಾರು ಎಷ್ಟು ಕೊಡಬೇಕು ಎಂಬ ಪುಟ ಓದಿ, ಕಂಡದ್ದನ್ನು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಕಾಯ್ದಿರಿಸುತ್ತೇನೆ.

— ಸಂ.